ಇರುಳುಗೋಡಿನ ಮಳೆ ಲೆಕ್ಕ

"ಎಂಟನೇ ಕ್ಲಾಸು ದಾಟಕ್ಕಾಗದವ್ನು ದೇಶ ಕಟ್ತಾ ಇದಾನೆ, ನೋಡ್ರಪ್ಪ."

ಬೆಳಗಿನ ಹಾಜರಿಗೆ ನಿಂತಿದ್ದ ನಲವತ್ತು ಆಳುಗಳ ಎದುರು ತೋಟದ ಲೆಕ್ಕ ಬರೆಯುವ ರೈಟರ್ ಗಂಗಾಧರಪ್ಪ ಕೆಂಪು ಬೈಂಡಿನ ಪುಸ್ತಕವೊಂದನ್ನು ಸತ್ತ ಇಲಿಯ ಹಾಗೆ ತುದಿ ಹಿಡಿದು ಎತ್ತಿ ತೋರಿಸಿದ. ಎಲ್ಲರೂ ನಕ್ಕರು. ದಯಾನಂದನ ಕಿವಿ ಕಾಫಿ ಹಣ್ಣಿನಂತೆ ಕೆಂಪಾಯಿತು.

ಪುಸ್ತಕ ಅವನದು. ಬಾಳೂರು ಕಡೆಯ ಆ ಕಾಫಿ ತೋಟದಲ್ಲಿ ದಿನವೂ ಗುಡ್ಡ ಹತ್ತಿ, ಮೇಲಿನ ತೋಟದ ಮಳೆಮಾಪಕ ನೋಡಿ ಆಫೀಸಿನ ಪುಸ್ತಕದಲ್ಲಿ ಬರೆದಿಡುವುದು ಅವನ ಕೆಲಸ. ಹಾಗೆಯೇ ಆಫೀಸಿನವರು ಎಸೆದ ಇನ್ನೊಂದು ಪುಸ್ತಕದಲ್ಲಿ ನಾಲ್ಕು ವರ್ಷದಿಂದ ಇರುಳುಗೋಡು ಎಂಬ ಇಲ್ಲದ ದೇಶವೊಂದನ್ನು ಕಟ್ಟುತ್ತಿದ್ದ. ನಕ್ಷೆ, ಹೊಳೆ, ಕೋಟೆ, ಕೊಂಬಿನವರು, ಹಗಲು ಕಾಣದವರು ಎಂಬ ಪಂಗಡಗಳು. ಭಾನುವಾರ ಆಳುಗಳ ಲೈನ್ ಮನೆಯ ನಾಲ್ಕೈದು ಜನ ಕವಡೆ ಎಸೆದು, ನಕ್ಷೆಯ ಮೇಲೆ ಕಾಯಿ ನಡೆಸಿ ಅದರೊಳಗೆ ಆಡುತ್ತಿದ್ದರು. ಆ ದೇಶದ ಮಳೆಯನ್ನೂ ಅವನು ತಾರೀಕು ಹಾಕಿ ಬರೆಯುತ್ತಿದ್ದ. ಮಳೆ ಲೆಕ್ಕವಿಲ್ಲದ ದೇಶವನ್ನು ಈ ಕಡೆ ಯಾರು ನಂಬುತ್ತಾರೆ?

"ಕೊಡಿ ರೈಟ್ರೇ, ನಾಲ್ಕು ವರ್ಷದ್ದು."

"ಸಂಜೆ ನೀರೊಲೆಗೆ ಹಾಕ್ತೀನಿ. ಹೋಗಿ ಗುಂಡಿ ತೆಗಿ ಮಾರಾಯ."

ಗಂಗಾಧರಪ್ಪ ಅದನ್ನು ಮೇಜಿನ ಮೇಲೆ, ಮಳೆ ಪುಸ್ತಕದ ಮೇಲೆಯೇ ಎಸೆದ. ಎರಡಕ್ಕೂ ಅದೇ ಬೈಂಡು, ಅದೇ ಅಕ್ಷರ.

ಹತ್ತು ಗಂಟೆಗೆ ಚಿಕ್ಕಮಗಳೂರಿನಿಂದ ತೋಟದ ಸಾಹುಕಾರ್ ಬೆಳ್ಳಿಯಪ್ಪನವರ ಫೋನು. ತೊಂಬತ್ತೆಂಟರ ಮಾರ್ಚ್ ಅದು. ಹೂಮಳೆ ಬಾರದಿದ್ದರೆ ಮೊಗ್ಗೆಲ್ಲ ಸುಟ್ಟುಹೋಗುತ್ತದೆಂದು ಬಾಡಿಗೆಗೆ ತರಿಸಿದ್ದ ಸ್ಪ್ರಿಂಕ್ಲರ್ ಪಂಪು ಆಗಲೇ ದಾರಿಯ ಆಲ್ದೂರು ಮುಟ್ಟಿತ್ತು.

"ಮಳೆ ಏನಾದ್ರೂ?"

ಗಂಗಾಧರಪ್ಪ ಕೈಗೆ ಸಿಕ್ಕ ಕೆಂಪು ಪುಸ್ತಕದ ಕೊನೆಯ ಸಾಲು ಓದಿದ. "ನಿನ್ನೆ ಒಂದಿಂಚು ಇಪ್ಪತ್ತು ಸೆಂಟು ಸಾರ್."

ಆಫೀಸಿನ ಅಂಗಳದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಈ ಗುಡ್ಡಗಳಲ್ಲಿ ಒಂದು ಮಗ್ಗುಲು ನೆನೆದು ಇನ್ನೊಂದು ಒಣಗಿರುವುದು ಮಾಮೂಲು. ಹತ್ತಿ ನೋಡುವ ಅಭ್ಯಾಸವಂತೂ ಗಂಗಾಧರಪ್ಪನಿಗೆ ಇರಲಿಲ್ಲ.

ಬೆಳ್ಳಿಯಪ್ಪನವರು ಪಂಪನ್ನು ವಾಪಸ್ ಕಳಿಸಿದರು. ಅಷ್ಟಕ್ಕೆ ಸುಮ್ಮನಾಗದೆ, ತಮ್ಮ ಇಂಚು ಮಳೆ ತೋರಿಸಲು ಪಕ್ಕದ ತೋಟದ ಮಂಜಯ್ಯನವರನ್ನೂ ಜೀಪಿಗೆ ಹತ್ತಿಸಿಕೊಂಡರು. ಮಧ್ಯಾಹ್ನ ಜೀಪು ಮೈತುಂಬ ಧೂಳು ಹೊದ್ದು ಮೇಲಿನ ತೋಟಕ್ಕೆ ಬಂದು ನಿಂತಿತು.

ಮಂಜಯ್ಯ ಒಂದು ಹಿಡಿ ಮಣ್ಣೆತ್ತಿ ಊದಿದರು. "ಭಾರೀ ನಯವಾದ ಮಳೆ ಬೆಳ್ಳಿಯಪ್ನೋರೆ. ಧೂಳಿಗೂ ನೋವಾಗಿಲ್ಲ."

"ಗಂಗಾಧರಪ್ಪ, ಎಲ್ರೀ ನನ್ನ ಇಂಚು?"

ಆಫೀಸಿನಿಂದ ಕೆಂಪು ಪುಸ್ತಕ ಹಿಡಿದು ಬಂದಿದ್ದ ಗಂಗಾಧರಪ್ಪನ ಬೆರಳು ಗುಂಡಿಯೊಳಗಿದ್ದ ದಯಾನಂದನ ಕಡೆ ತಿರುಗಿತು. "ಬರ್ದವ್ನು ಇವ್ನು ಸಾರ್."

ಪಂಪು ತಿರುಗಿಸಿ ತರಲು ಡ್ರೈವರನ್ನು ಓಡಿಸಿ, ಬೆಳ್ಳಿಯಪ್ಪನವರು ಒಂದು ಕಲ್ಲಿನ ಮೇಲೆ ಕೂತು ಇರುಳುಗೋಡಿನ ಪುಸ್ತಕ ಬಿಡಿಸಿದರು. ಒಂದು ಪುಟ, ಎರಡು ಪುಟ, ಹತ್ತು ಪುಟ. ಕೆಲಸ ಹೋಯಿತು ಎಂದುಕೊಂಡ ದಯಾನಂದ. ಕೆಲಸ ಹಾಳಾಗಲಿ, ಪುಸ್ತಕ ಉಳಿದರೆ ಸಾಕಿತ್ತು.

"ಏ, ಈ ಕೊಂಬಿನವ್ರ ಕೋಟೆ ಇಳಿಜಾರಲ್ಲಿದೆಯಲ್ಲೋ. ಇನ್ನೂರಿಂಚು ಮಳೆಗೆ ಚರಂಡಿ ಎಲ್ಲಿ?"

"ಕಲ್ಲಿನ ಕೋಟೆ, ಅಯ್ಯಾ."

"ಕಲ್ಲು ನಿಲ್ಲುತ್ತೆ. ಕೆಳಗಿನ ಮಣ್ಣು?"

ಮಂಜಯ್ಯ ಬಗ್ಗಿ ನೋಡಿದರು. "ಹೊಳೆ ಪೂರ್ತಿ ಕೊಂಬಿನವ್ರಿಗಾ? ಹಗಲು ಕಾಣದವ್ರು ನೀರಿಗೇನ್ ಮಾಡ್ಬೇಕು? ಅನ್ಯಾಯ ಇದು."

"ಆಟ ಅಯ್ಯಾ. ಒಬ್ಬೊಬ್ರು ಒಂದೊಂದು ಪಂಗಡ ಆಗಿ ಕವಡೆ ಬಿಡ್ಬೇಕು. ಹೊಳೆ ಬೇಕಾದ್ರೆ ಗೆದ್ಕೊಳ್ಳಿ."

ಆಳುಗಳ ನಡುವಿನಿಂದ ಮುತ್ತಮ್ಮ ಎಲೆಯಡಿಕೆ ಚೀಲ ಬಿಚ್ಚಿ ಕವಡೆ ತೆಗೆದಳು. ನಾಲ್ಕು ಗಂಟೆಯ ಹೊತ್ತಿಗೆ ಇಬ್ಬರು ಸಾಹುಕಾರರೂ ಗೋಣಿಚೀಲದ ಮೇಲೆ ಕೂತು ಒಂದು ಹೊಳೆಗಾಗಿ ಗಂಟಲು ಹರಿದುಕೊಳ್ಳುತ್ತಿದ್ದರು.

"ಅಯ್ಯಾ, ನಿಮ್ ಸೇತುವೆ ಸುಟ್ಟೋಯ್ತು," ಎಂದಳು ಮುತ್ತಮ್ಮ. "ಕೋಟೆಗೆ ವಾಪಸ್ ನಡೀರಿ."

ಬೆಳ್ಳಿಯಪ್ಪನವರು ತೆಪ್ಪಗೆ ಕಾಯಿ ಹಿಂದಿಟ್ಟರು. ಯಾರೂ ನಗಲಿಲ್ಲ. ಇರುಳುಗೋಡು ನಿಜವಾಗಿಯೂ ಇತ್ತು. ದಯಾನಂದನಿಗೆ ಉಸಿರಾಡಲು ಇಷ್ಟೊಂದು ಗಾಳಿ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಪಂಪು ಬಂದ ಮೇಲೆ ಬೆಳ್ಳಿಯಪ್ಪನವರು ಎದ್ದು ಪಂಚೆ ಕೊಡವಿದರು. "ಪುಸ್ತಕ ನೀರೊಲೆಗೆ ಅಂತ ಮುತ್ತಮ್ಮ ಹೇಳಿದ್ಲು. ಸುಡೋದೆಲ್ಲ ಬೇಡ. ಭಾನುವಾರ ಮತ್ತೆ ಬರ್ತೀವಿ. ಆದ್ರೆ ಇಷ್ಟು ದೊಡ್ಡ ದೇಶ ರೈಟರ್ ಇಲ್ದೆ ನಡೆಯಲ್ಲ ಕಣೋ. ಗಂಗಾಧರಪ್ಪ, ಇರುಳುಗೋಡನ್ನ ನೀವೇ ನೋಡ್ಕೊಳ್ಳಿ. ಇವ್ನು ನಿಮ್ ಕೈಕೆಳಗೆ ಇರ್ಲಿ."

ಪುಸ್ತಕ ಗಂಗಾಧರಪ್ಪನ ಕಂಕುಳು ಸೇರಿತು. ಅವನು ಕಿವಿಯ ಮೇಲಿನ ಪೆನ್ನು ತೆಗೆದ.

"ನಾಳೆ ಏಳೂವರೆಗೆ ಹಾಜರಿ. ಕೊಂಬಿನವ್ರು ಎಷ್ಟು ಜನ ಬರ್ತಾರೋ? ಗಂಡಾಳೆಷ್ಟು, ಹೆಣ್ಣಾಳೆಷ್ಟು?"

ದಯಾನಂದ ಹಾರೆಯನ್ನು ಹೆಗಲಿಗೇರಿಸಿ ಲೈನ್ ಮನೆಗಳ ಕಡೆ ನಡೆದ. ಗಂಗಾಧರಪ್ಪ ಹಿಂದಿನಿಂದ ಮತ್ತೆ ಕೇಳಿದ. ದಯಾನಂದ ಆಗಲೇ ತಿರುವು ದಾಟಿದ್ದ. ಅವನ ಮನಸ್ಸಿನಲ್ಲಿ, ನಕ್ಷೆಯ ಪಡುವಣ ಅಂಚಿನ ಸಮುದ್ರದಾಚೆ, ಇದುವರೆಗೆ ಏನೂ ಬರೆಯದಿದ್ದ ಕಡೆ, ಒಂದು ದ್ವೀಪ ಮೆಲ್ಲಗೆ ತಲೆಯೆತ್ತುತ್ತಿತ್ತು. ಅಲ್ಲಿಗೆ ಜೀಪು ರಸ್ತೆ ಇರಲಿಲ್ಲ.