ಮೂರು ತುಂಡಿನ ಸಿಗಾರ್

ರುಚಿ ಅಂಕಣ ಬರೆಯುವವರಿಗೆ ದವಡೆ ಊದಿಕೊಂಡದ್ದೇ ಎಲ್ಲಕ್ಕೂ ಮೂಲ. ಪತ್ರಿಕೆಯ ಸಂಪಾದಕರು ಆ ಅಂಕಣಕ್ಕೆಂದು ಬಂದ ಸಿಗಾರನ್ನು ಪಕ್ಕದ ಮೇಜಿನ ಮೇಲಿಟ್ಟರು. ಅದು ನಿಧನವಾರ್ತೆ ಬರೆಯುವವರ ಮೇಜು. ಊರಿನವರ ಸಾವನ್ನೆಲ್ಲ ಬರೆದೂ ಬರೆದೂ ಕಚೇರಿಯಲ್ಲಿ ಅವರಿಗೆ ನಿಧನರಾಯರೆಂದೇ ಹೆಸರಾಗಿತ್ತು.

“ಮಡೂರೊ ಅಂತ. ಎಲೆನ ಚೆನ್ನಾಗಿ ಹದ ಬರಿಸಿ ಕಪ್ಪಗೆ ಮಾಡಿರ್ತಾರೆ. ಈ ವರ್ಷಕ್ಕೆ ಮಾತ್ರ ಮಾಡಿದ್ದು, ಕಂಪನಿಯವರು ನಮಗೆ ಕಳಿಸಿರೋದು ಒಂದೇ ಒಂದು,” ಎಂದರು ಸಂಪಾದಕರು. “ಸಂಜೆಯೊಳಗೆ ಸೇದಿ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕ್ತೀನಿ.”

ರಾಯರಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ನಿಧನವಾರ್ತೆಗೆ ಬರೆದವರ ಹೆಸರು ಹಾಕುವ ಪದ್ಧತಿಯಿಲ್ಲ. ಅಳಿಯ ಪತ್ರಿಕೆಗೆ ಬರೆಯುತ್ತಾನೆಂದರೆ ಮಾವನವರು, ಹೌದಾ, ಎಲ್ಲಿ, ಎಂದು ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಿದ್ದರು. ರಾಯರು ಕೂಡಲೇ ಹೆಂಡತಿಗೆ ಫೋನ್ ಮಾಡಿ, ನಾಳೆ ಎರಡು ಪ್ರತಿ ಕೊಳ್ಳಲು ಹೇಳಿದರು, ಒಂದು ಅವಳಪ್ಪನಿಗೆ.

ತಮಗೆ ಸೇದಿ ಗೊತ್ತಿಲ್ಲವೆಂಬುದು ಆಮೇಲೆ ನೆನಪಾಯಿತು.

ಕೆಲಸವಿಲ್ಲದವರು, ಇದ್ದವರು, ಎಲ್ಲರೂ ಸುತ್ತ ನೆರೆದರು. ಲೆಕ್ಕದವರು ಹಳೆಯ ಅಂಕಣವೊಂದನ್ನು ಹುಡುಕಿ ಓದಿ, ಸಿಗಾರಿಗೆ ಮೊದಲ ಭಾಗ, ನಡುವಿನ ಭಾಗ, ಅಂತಿಮ ಭಾಗ ಎಂದು ಮೂರು ರುಚಿ ಬರೆಯಬೇಕೆಂದು ಸಾರಿದರು. ಹಾಗಿದ್ದಮೇಲೆ ಒಬ್ಬರೇ ಯಾಕೆ ಒದ್ದಾಡಬೇಕು? ಪುಟ ಕಟ್ಟುವಾಕೆ ಕಾಗದದ ಕತ್ತರಿ ತಂದು, ಕಬ್ಬಿನ ಜಲ್ಲೆಯಂತೆ ಅದನ್ನು ಮೂರು ತುಂಡು ಮಾಡಿಯೇಬಿಟ್ಟಳು.

ಮೊದಲನೆಯದು ಲೆಕ್ಕದವರ ಪಾಲು. ಹೊಗೆ ನುಂಗಬಾರದೆಂದು ಯಾರೋ ಹೇಳುವಷ್ಟರಲ್ಲಿ ನುಂಗಿದ್ದ ಅವರು, ಕಿಟಕಿಯಿಂದ ತಲೆ ಹೊರಗೆ ಹಾಕಿ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ಬಿಡುತ್ತ ನಿಂತರು. ನಡುವಿನದನ್ನು ಎರಡು ಸಲ ಎಳೆದ ಪುಟ ಕಟ್ಟುವಾಕೆ, ಥೇಟ್ ನಮ್ಮತ್ತೆ ಮಾಡೋ ಕಾಫಿ ಎಂದು ತೀರ್ಪು ಕೊಟ್ಟಳು.

“ಅಂತಿಮ ಭಾಗ ನಿಮ್ಮದು ರಾಯರೇ,” ಎಂದಳು. “ನಿಮಗೆ ಅಭ್ಯಾಸ ಇದೆ.”

ರಾಯರು ಕಣ್ಣುಮುಚ್ಚಿ ಎಳೆದರು. ಕೋಣೆ ಬುಗುರಿಯಾಯಿತು. ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತುವಾಗ ತುಂಡು ಆರಿತ್ತು, ಹೊತ್ತು ಇಳಿದಿತ್ತು. ಪೆನ್ನು ಹಿಡಿದು, ಕೈಗೆ ಬಂದಂತೆ ಬರೆದರು. ಅವರ ಕೈಗೆ ಬರುತ್ತಿದ್ದದ್ದು ಒಂದೇ ಬಗೆ:

“ಕಡುಕಪ್ಪು ಮೈಬಣ್ಣದ, ಮೃದು ಸ್ವಭಾವದ ಮಡೂರೊ ಸಿಗಾರ್ ಇಂದು ನಮ್ಮ ಕಚೇರಿಯಲ್ಲಿ ಕೊನೆಯುಸಿರೆಳೆಯಿತು. ಮೊದಲಲ್ಲಿ ಖಾರವಾಗಿ, ನಡುವಯಸ್ಸಿನಲ್ಲಿ ಕಾಫಿಯಂತೆ ಹಿತವಾಗಿ ಬಾಳಿ, ಕೊನೆಗಾಲದಲ್ಲಿ ತುಸು ಕಹಿಯಾಗಿತ್ತು. ಮೃತರು ಹಿಡಿ ಬೂದಿ ಹಾಗೂ ಅಪಾರ ಪರಿಮಳವನ್ನು ಅಗಲಿದ್ದಾರೆ.”

ಸಂಪಾದಕರು ಓದಿದರು. ನಗಲಿಲ್ಲ. ಬಾಗಿಲು ಹಾಕಿಕೊಂಡು, ಸಿಗಾರ್ ಕಂಪನಿಯ ಯಜಮಾನರಿಗೆ ಅದನ್ನು ಫೋನಿನಲ್ಲಿ ಓದಿ ಹೇಳಿದರು. ಹೊರಗೆ ನಿಂತ ರಾಯರು ಮನಸ್ಸಿನಲ್ಲೇ ತಮ್ಮ ನಿಧನವಾರ್ತೆಯ ಮೊದಲ ಸಾಲು ಕಟ್ಟತೊಡಗಿದ್ದರು.

ಬಾಗಿಲು ತೆರೆಯಿತು.

“ಯಜಮಾನರು ಅತ್ತೇಬಿಟ್ರು ಕಣ್ರೀ. ಮಾಡಿದ್ದೆಲ್ಲ ಖರ್ಚಾಗಿಹೋಯ್ತಂತೆ, ಇನ್ಮೇಲೆ ಮಾಡಲ್ವಂತೆ. ಒಂದಕ್ಷರ ತಿದ್ದದೆ ದೊಡ್ಡದಾಗಿ ಹಾಕಿ ಅಂದ್ರು.”

“ರುಚಿ ಅಂಕಣದಲ್ಲಿ, ಅಲ್ವಾ ಸಾರ್?”

“ಇಲ್ಲಾರೀ, ನಿಧನವಾರ್ತೆ ಪುಟದಲ್ಲಿ. ಅಲ್ಲೇ ಒಪ್ಪೋದು ಅಂತ ಅವರೇ ಹಟ ಹಿಡಿದ್ರು.”

“ಮತ್ತೆ ನನ್ನ ಹೆಸರು, ಸಾರ್?”

ಸಂಪಾದಕರು ಪ್ರೀತಿಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು.

“ಆ ಪುಟದಲ್ಲಿ ಹೆಸರು ಬರಬೇಕಂದ್ರೆ ಇರೋದು ಒಂದೇ ದಾರಿ. ನೀವೇನೂ ಅವಸರ ಮಾಡ್ಕೋಬೇಡಿ.”