ಒಂದು ಬಾಯಿ, ಎಂಟು ಟ್ರ್ಯಾಕು

ಕನ್ನಡಕದಂಗಡಿಯ ಯಜಮಾನರನ್ನು ಹಾಡುವ ತಂಡದಿಂದ ಕೈಬಿಟ್ಟಿದ್ದಕ್ಕೆ ಕಾರಣ ಅವರ ಕಂಠವಲ್ಲ. ಕಂಠವೇನೋ ಖಾಲಿ ಹಂಡೆಯೊಳಗೆ ಮೊಳಗಿದ ಹಾಗೆ ಗಂಭೀರವಾಗಿಯೇ ಇತ್ತು. ತೊಂದರೆ ಏನೆಂದರೆ, ಉಳಿದವರೆಲ್ಲ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಇವರು ಆಗಲೇ ಅಲ್ಲಿಗೆ ತಲುಪಿ, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಕಾಯುತ್ತಿರುತ್ತಿದ್ದರು. ತಂಡದ ಮುಖ್ಯಸ್ಥೆ ಔಷಧಿ ಅಂಗಡಿ ನಡೆಸುವವರು. ತುಂಬಾ ದಿನ ಸಹಿಸಿಕೊಂಡು, ಕೊನೆಗೆ ಕೆಮ್ಮಿನ ಔಷಧಿ ಕೊಡುವಷ್ಟೇ ಮೃದುವಾಗಿ, "ನೀವು ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದುಬಿಟ್ಟರು.

"ನಾನು ಮುಂದೆ ಓಡ್ತಿಲ್ಲ ಕಣೆ," ಯಜಮಾನರು ಮನೆಗೆ ಬಂದು ಹೆಂಡತಿಯ ಮುಂದೆ ಅಲವತ್ತುಕೊಂಡರು. "ಅವರೆಲ್ಲ ಹಿಂದೆ ಬೀಳ್ತಿದಾರೆ."

"ಊಟಕ್ಕೆ ಕೂತರೂ ನಿಮ್ಮದು ಇದೇ ಕಥೆ. ನಾನು ಎರಡನೇ ಸಲ ಬಡಿಸೋಕೆ ಬರೋಷ್ಟರಲ್ಲಿ ಕೈ ತೊಳ್ಕೊಂಡಿರ್ತೀರ. ತಾಳ್ಮೆನೇ ಇಲ್ಲ, ಇನ್ನು ತಾಳ ಎಲ್ಲಿಂದ ಬರಬೇಕು?"

ಈ ಮಾತಿನ ಪೆಟ್ಟಿಗೆ ಯಜಮಾನರ ತಲೆಯಲ್ಲಿ ಒಂದು ಮಹತ್ತರ ಆಲೋಚನೆ ಹುಟ್ಟಿತು. ಬೇರೆಯವರ ಜೊತೆ ಹಾಡಿದರೆ ತಾನೇ ಜಗಳ? ಮನೆಯ ಕಂಪ್ಯೂಟರಿನಲ್ಲಿ ತಾನೊಬ್ಬನೇ ಒಂದರ ಮೇಲೊಂದರಂತೆ ಎಂಟು ಸಲ ಹಾಡಿ, ಎಂಟನ್ನೂ ಸೇರಿಸಿಬಿಟ್ಟರೆ ತಾನೇ ಒಂದು ತಂಡ. ಅಲ್ಲಿ ಮುಖ್ಯಸ್ಥನೂ ತಾನೇ, ರೆಸ್ಟ್ ಕೊಡುವವನೂ ತಾನೇ.

ಮರುದಿನವೇ ಗಂಡಹೆಂಡತಿ ಸಂಗೀತ ಸಾಮಾನಿನ ಅಂಗಡಿಯಲ್ಲಿದ್ದರು. ಮೈಕು ಆಯಿತು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಆಯಿತು. ಇನ್ನು ಉಳಿದದ್ದು ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಡಬ್ಬಿ. ಯಜಮಾನರು ಎಂಟು ಮೈಕು ಚುಚ್ಚಬಹುದಾದ, ವಿಮಾನದ ಮುಂಭಾಗದಂತೆ ಮಿನುಗುವ ಡಬ್ಬಿಯ ಮುಂದೆ ಭಕ್ತಿಯಿಂದ ನಿಂತುಬಿಟ್ಟರು.

"ರೀ, ಬಾಯಿ ಎಷ್ಟಿದೆ ನಿಮಗೆ?"

"ಒಂದು. ಆದ್ರೆ ಎಂಟು ಟ್ರ್ಯಾಕ್..."

"ಎಂಟು ಸಲ ಹಾಡಿದ್ರೂ ಒಂದೊಂದೇ ಸಲ ತಾನೇ ಹಾಡೋದು? ಒಂದು ತೂತು ಸಾಕು. ರೇಡಿಯೋದಲ್ಲಿ ಕೆಲಸ ಮಾಡೋ ನನ್ನ ತಂಗಿ ಬೇಡ ಅಂತ ಬಿಟ್ಟುಹೋದ ಹಳೇ ಡಬ್ಬಿ ಅಟ್ಟದ ಮೇಲಿದೆ."

ಹಾಗೆ ಹಳೆಯ ಡಬ್ಬಿ ಅಟ್ಟದಿಂದ ಇಳಿಯಿತು. ಅದರ ಜೊತೆಗೆ ಮನೆಯ ಸಕಲ ಕಂಬಳಿ, ದುಪ್ಪಟಿ, ಹಾಸಿಗೆಗಳೂ ಮಲಗುವ ಕೋಣೆಯ ಗೋಡೆ ಏರಿದವು (ದನಿ ಮಾರ್ದನಿಸಬಾರದಲ್ಲ). ಯಜಮಾನರು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ, ಹೆಂಡತಿಯ ಸೀರೆಗಳಿಗೆ ಹಾಡು ಹೇಳಿದರು. ಕಂಪ್ಯೂಟರು ಟಿಕ್ ಟಿಕ್ ಎಂದು ತಾಳ ಹಾಕಿತು. ಮನೆಯಾಕೆ ಮೂರು ದಿನ ಬರಿ ಮಂಚದ ಮೇಲೆ ಮಲಗಿ ಬೆನ್ನು ಹಿಡಿದುಕೊಂಡರು.

ಆದರೆ ಕೊನೆಗೆ ಹೊರಬಂದ ಹಾಡು ಕೇಳಿ ಆಕೆಯೂ ಬೆನ್ನುನೋವು ಮರೆತರು. ಎಂಟು ಯಜಮಾನರು ಒಂದೇ ಉಸಿರಿನಲ್ಲಿ, ತಾಳಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಹಾಡುತ್ತಿದ್ದರು. ಔಷಧಿ ಅಂಗಡಿಯ ಮುಖ್ಯಸ್ಥೆಗೆ ಅದನ್ನು ಕಳಿಸಿದ್ದೇ ತಡ, ಆಕೆ ಗಿರಾಕಿಗಳನ್ನು ನಿಲ್ಲಿಸಿಯೇ ಫೋನು ಮಾಡಿದರು.

"ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಭಾನುವಾರದ ಕಾರ್ಯಕ್ರಮಕ್ಕೆ ನೀವು ಬರಲೇಬೇಕು. ರಿಹರ್ಸಲ್ಲೂ ಬೇಡ, ಹೀಗೇ ಹಾಡಿದ್ರೆ ಸಾಕು."

ಯಜಮಾನರು ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದರು. ಇಂಥ ಪ್ರತಿಭೆಗೆ ಅಟ್ಟದ ಡಬ್ಬಿಯೇ? ಹೆಂಡತಿ ಕೆಲಸಕ್ಕೆ ಹೋದ ಹೊತ್ತು ನೋಡಿ ಆ ಮಿನುಗುವ ಡಬ್ಬಿಯನ್ನು ತಂದೇಬಿಟ್ಟರು. ಮತ್ತೆ ಕಂಬಳಿ, ಮತ್ತೆ ಬೀರು, ಮತ್ತೆ ಅದೇ ಹಾಡು. ಸಂಜೆ ಹೆಂಡತಿಯನ್ನು ಕೂರಿಸಿ ಹೆಮ್ಮೆಯಿಂದ ಕೇಳಿಸಿದರೆ, ತಾಳ ಟಿಕ್ ಎನ್ನುವ ಮೊದಲೇ ಎಂಟು ಯಜಮಾನರೂ ಪದ ನುಂಗಿ ಮುಂದಕ್ಕೆ ಧಾವಿಸುತ್ತಿದ್ದರು, ಬಸ್ಸು ಹೊರಟಿತೆಂದು ಓಡುವವರ ಹಾಗೆ.

"ಡಬ್ಬಿನೇ ಸರಿ ಇಲ್ಲ," ಎಂದರು ಯಜಮಾನರು, ಬೆವರುತ್ತ.

ಹೆಂಡತಿ ತಂಗಿಯನ್ನು ಕರೆಸಿದರು. ರೇಡಿಯೋದ ನಾದಿನಿ ಎರಡೂ ಹಾಡು ಕೇಳಿ, ಎರಡೂ ಡಬ್ಬಿ ನೋಡಿ, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಳು.

"ಭಾವ, ಹೊಸದು ಸರಿಯಾಗೇ ಇದೆ. ಹಳೇದು ನಿಧಾನ. ಒಳಗೆ ಹೋದ ದನಿಯನ್ನ ಸ್ವಲ್ಪ ತಡೆದು ಹಿಂದಕ್ಕೆ ಕೂರಿಸ್ತಿತ್ತು, ಅದಕ್ಕೇ ನಾನು ಬಿಟ್ಟುಹೋಗಿದ್ದು. ನೀವು ಎಷ್ಟು ಮುಂದೆ ಓಡ್ತೀರೋ, ಅದು ಸರಿಯಾಗಿ ಅಷ್ಟೇ ಹಿಂದಕ್ಕೆ ಎಳೀತಿತ್ತು."

"ಅಂದ್ರೆ, ನಾನು ಇಷ್ಟು ವರ್ಷದಿಂದ ಮಾಡೋಕಾಗದ್ದನ್ನ ಅದು ಮೂರು ದಿನದಲ್ಲಿ ಮಾಡ್ತು," ಎಂದ ಮನೆಯಾಕೆ, ನಗುತ್ತ ನಗುತ್ತ ಗೋಡೆಯ ಕಂಬಳಿ ಹಿಡಿದುಕೊಳ್ಳಲು ಹೋಗಿ, ಕಂಬಳಿ ಸಮೇತ ನೆಲಕ್ಕೆ ಕೂತರು.

ಯಜಮಾನರಿಗೆ ನಗು ಬರಲಿಲ್ಲ. ಭಾನುವಾರಕ್ಕೆ ಇನ್ನು ಎರಡೇ ದಿನ. ಸತ್ಯ ಹೇಳಿದರೆ ಮಾನ ಹೋಗುತ್ತದೆ, ಹೇಳದೆ ಹಾಡಿದರೂ ಹೋಗುತ್ತದೆ. ಸಪ್ಪೆ ಮುಖ ಹಾಕಿಕೊಂಡು ಕೂತ ಭಾವನನ್ನು ನೋಡಿ ನಾದಿನಿಗೇ ಕರುಣೆ ಬಂತು.

"ಹಾಗಾದ್ರೆ ವೇದಿಕೆಗೂ ಹಳೇ ಡಬ್ಬಿನೇ ತಗೊಂಡು ಹೋಗೋಣ. ನಿಮ್ಮ ಮೈಕು ಮೊದಲು ಅದರೊಳಗೆ, ಆಮೇಲೆ ಸ್ಪೀಕರಿಗೆ. ನೀವು ಮಾತ್ರ ಯಾವತ್ತಿನ ಹಾಗೆ ಹಾಡಿ. ದಯವಿಟ್ಟು ತಾಳ ಸರಿ ಮಾಡ್ಕೊಳ್ಳೋಕೆ ಹೋಗಬೇಡಿ."

ಭಾನುವಾರ ಪರದೆಯ ಹಿಂದೆ ಮನೆಯಾಕೆ ಕಂಪ್ಯೂಟರು, ಹಳೆಯ ಡಬ್ಬಿ ಇಟ್ಟುಕೊಂಡು ಕೂತರು. ಪಕ್ಕದಲ್ಲಿ ಪರದೆ ಎಳೆಯುವ ದಢೂತಿ ಮನುಷ್ಯ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಯಜಮಾನರು ಮನಸಾರೆ ಮುನ್ನುಗ್ಗಿ ಹಾಡಿದರು. ಡಬ್ಬಿ ಅಷ್ಟೇ ನಿಷ್ಠೆಯಿಂದ ಹಿಂದಕ್ಕೆಳೆಯಿತು. ಆ ಗಂಭೀರ ಕಂಠ ತಂಡದ ಜೊತೆ ಹಾಲು ಸಕ್ಕರೆಯಂತೆ ಬೆರೆತು ಸಭಾಂಗಣವನ್ನೆಲ್ಲ ತುಂಬಿತು. ಮುಖ್ಯಸ್ಥೆಯ ಕಣ್ಣುಗಳು ಒದ್ದೆಯಾದವು. ಕೊನೆಯ ಸ್ವರ ಮುಗಿಸಿ ಯಜಮಾನರು ಬಾಯಿ ಮುಚ್ಚಿದ ಮೇಲೂ ಅವರ ದನಿ ಇನ್ನೊಂದಿಷ್ಟು ಹೊತ್ತು ಮೊಳಗಿ, ಆಮೇಲೆ ನಿಂತಿತು.

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನವರೆಲ್ಲ ಎದ್ದು ವೇದಿಕೆ ಹತ್ತಿದರು. ಯಜಮಾನರು ಎದೆಯುಬ್ಬಿಸಿ, ಎರಡೂ ಕೈ ಚಾಚಿ ನಿಂತರು. ಜನ ಅವರನ್ನು ಬಳಸಿಕೊಂಡು ಸರಸರನೆ ಪರದೆಯ ಹಿಂದಕ್ಕೆ ನುಗ್ಗಿ, ಪರದೆ ಎಳೆಯುವ ದಢೂತಿಯ ಕೈ ಹಿಡಿದು ಕುಲುಕತೊಡಗಿದರು. ಆತ ಕಣ್ಣುಜ್ಜಿಕೊಂಡು, "ಏನೋ, ನಿಮ್ಮೆಲ್ಲರ ಅಭಿಮಾನ" ಎಂದು ವಿನಯದಿಂದ ತಲೆ ಬಾಗಿಸಿದ. ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ಮೇಜಿನ ಕೆಳಗೆ ಏನನ್ನೋ ಹುಡುಕುತ್ತಿದ್ದರು.

ಹಿರಿಯರೊಬ್ಬರು ಮಾತ್ರ ಯಜಮಾನರ ಬಳಿ ನಿಂತು, ಭುಜ ತಟ್ಟಿ ಮೆಲ್ಲಗೆ ಸಮಾಧಾನ ಹೇಳಿದರು.

"ಬೇಜಾರು ಮಾಡ್ಕೋಬೇಡಿ. ನೀವೂ ಬಾಯಿ ಚೆನ್ನಾಗೇ ಆಡಿಸ್ತೀರ. ಆದ್ರೆ ಅವರು ಹಾಡೋದಕ್ಕಿಂತ ಒಂಚೂರು ಮುಂಚೆ ಆಡಿಸ್ತೀರ ನೋಡಿ, ಅಲ್ಲಿ ಸಿಕ್ಕಿಹಾಕ್ಕೊಳ್ತೀರ."