ನೀರಿನ ಟ್ಯಾಂಕಿಯ ಊರು ಮತ್ತು ನಮ್ಮ ಮಾಮಾ

ನಮ್ಮ ಮಾಮಾನ ಕಾರು ಹತ್ತಿ ಲಾಸ್ ವೇಗಸ್ಸಿಗೆ ಹೊರಟವರಲ್ಲಿ ಹೇಳಿದ ಹೊತ್ತಿಗೆ ಲಾಸ್ ವೇಗಸ್ ಮುಟ್ಟಿದವರು ಒಬ್ಬರೂ ಇಲ್ಲ! ಅಪಘಾತ ಗಿಪಘಾತ ಅಂದುಕೊಳ್ಳಬೇಡಿ. ಮಾಮಾ ಬಹಳ ಜೋಪಾನವಾಗಿ ಕಾರು ಓಡಿಸುತ್ತಾರೆ. ಎಷ್ಟು ಜೋಪಾನವೆಂದರೆ ರಕ್ತದೊತ್ತಡ ಏರುವುದೆಲ್ಲ ಹಿಂದಿನ ಕಾರಿನವರಿಗೆ. ತೊಂದರೆ ಏನೆಂದರೆ, ದಾರಿಯಲ್ಲಿ ಒಂದು ಊರಿದೆ.

ಊರು ಎಂದೆನೆ? ಮಾಮಾನ ಭಯಕ್ಕೆ ಹಾಗೆ ಅಂದೆ. ಮರಳುಗಾಡಿನ ನಡುವೆ ತುಕ್ಕು ಹಿಡಿದ ಒಂದು ನೀರಿನ ಟ್ಯಾಂಕಿ, ಬಾಗಿಲಿಗೆ ಹಲಗೆ ಹೊಡೆದ ಒಂದು ಮೋಟೆಲು, ಒಂದು ಕೆಫೆ, ಆ ಕೆಫೆ ನಡೆಸುವ ರೂತ್ ಎಂಬ ಅಜ್ಜಿ, ಅಜ್ಜಿಗಿಂತ ವಯಸ್ಸಾದಂತೆ ಕಾಣುವ ಒಂದು ನಾಯಿ. ಮುಗಿಯಿತು. ಅದರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆಯಲ್ಲಿ ಹುಡುಕುತ್ತೀರಿ, ನಿಮಗೆ ಆಸಕ್ತಿ ಇದೆ ಎಂದು ಮಾಮಾನಿಗೆ ಗೊತ್ತಾಗುತ್ತದೆ, ಆಮೇಲೆ ನಿಮ್ಮನ್ನು ಆ ದೇವರೇ ಕಾಪಾಡಬೇಕು.

ಮಾಮಾ ಅಂದರೆ ನನ್ನ ಗಂಡನ ಸೋದರಮಾವ. ಓಕ್ಲ್ಯಾಂಡಿನ ಬಂದರಿನಲ್ಲಿ ಕಂಟೇನರು ಎತ್ತುವ ಕ್ರೇನುಗಳಿಗೆ ಎಂಜಿನಿಯರ್ ಆಗಿದ್ದವರು, ಈಗ ರಿಟೈರ್ ಆಗಿ ಫ್ರೀಮಾಂಟಿನಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಇದ್ದಾರೆ. ಹುಟ್ಟಿದ್ದು ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ತಂದೆ ಆ ಹಳ್ಳಿಯ ಕುಲಕರ್ಣಿ. ಮಂಡ್ಯದವಳಾದ ನಾನು ಮದುವೆಯಾದ ಹೊಸತರಲ್ಲಿ, "ನಿಮ್ಮ ಊರು ಯಾವುದು ಮಾಮಾ?" ಎಂದು ಕೇಳಿದ್ದೆ. "ಡ್ಯಾಮ್ ಕಟ್ಟಿದ್ರು, ನೀರಾಗ ಹೋತು" ಎಂದು ಹೇಳಿ ಪೇಪರು ಬಿಡಿಸಿಕೊಂಡರು. ಸ್ವಂತ ಊರಿನ ಬಗ್ಗೆ ಅವರು ಆಡಿದ ಮಾತು ಅಷ್ಟೇ. ಆ ಮರಳುಗಾಡಿನ ಊರಿನ ಬಗ್ಗೆ ಕೇಳಿ ನೋಡಿ, ಪೇಪರು ಮಡಿಸಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾರೆ!

ಆ ಊರಿಗೂ ಇವರಿಗೂ ಗಂಟು ಬಿದ್ದದ್ದು ಹೀಗೆ. ಓಕ್ಲ್ಯಾಂಡಿನ ಕೆಲಸಕ್ಕೆಂದು ಟೆಕ್ಸಸ್ಸಿನಿಂದ ಹೊಸ ಹೆಂಡತಿಯನ್ನೂ ಹಳೇ ಕಾರನ್ನೂ ಕಟ್ಟಿಕೊಂಡು ಬರುವಾಗ ಬಿಸಿಲಿಗೆ ಕಾರಿನ ರೇಡಿಯೇಟರು ಕುದಿದು ನಿಂತುಬಿಟ್ಟಿತಂತೆ. ಆಗಿನ್ನೂ ವಯಸ್ಸಿನಲ್ಲಿದ್ದ ರೂತ್ ಓಡಿ ಬಂದು ಕಾರಿಗೂ ನೀರು ಹಾಕಿ, ಇವರಿಗೂ ನೀರು ಕೊಟ್ಟು, ಇಂಜಿನ್ನು ತಣಿಯುವವರೆಗೆ ಹೊತ್ತು ಹೋಗಲೆಂದು ಊರಿನ ಕಥೆ ಹೇಳಿದಳಂತೆ. ಪಾಪ, ಏನೋ ಮಾತಿಗೆ ಹೇಳಿದಳು. ಅದರ ಫಲವನ್ನು ನಮ್ಮ ಇಡೀ ಬಳಗ ಇವತ್ತಿಗೂ ಉಣ್ಣುತ್ತಿದೆ.

ಕಥೆ ನನಗೂ ಬಾಯಿಪಾಠವಾಗಿದೆ. ಮೊದಲು ಅಲ್ಲೊಂದು ಒರತೆ ಇತ್ತು. ಗಾಡಿ ಎಳೆಯುವ ಹೇಸರಗತ್ತೆಗಳು ಅಲ್ಲಿ ನಿಂತು ನೀರು ಕುಡಿಯುತ್ತಿದ್ದವು. ಆಮೇಲೆ ರೈಲು ಬಂತು. ಉಗಿಬಂಡಿಗೆ ನೀರು ಬೇಕಲ್ಲ, ಟ್ಯಾಂಕಿ ಕಟ್ಟಿದರು. ಟ್ಯಾಂಕಿ ನೋಡಿಕೊಳ್ಳುವವನಿಗೆ ಮನೆ, ಅವನ ಮಕ್ಕಳಿಗೆ ಶಾಲೆ, ಮೇಷ್ಟರಿಗೆ ಊಟ, ಹೀಗೆ ಊರಾಯಿತು. ಅಷ್ಟರಲ್ಲಿ ಡೀಸೆಲ್ ಇಂಜಿನ್ನು ಬಂತು, ರೈಲು ನಿಲ್ಲುವುದನ್ನು ಬಿಟ್ಟಿತು. ಪುಣ್ಯಕ್ಕೆ ಹೆದ್ದಾರಿ ಬಂತು, ಪೆಟ್ರೋಲ್ ಬಂಕು, ಮೋಟೆಲು, ಕೆಫೆ ಎದ್ದವು. ಕೊನೆಗೆ ಫ್ರೀವೇ ಎಂಬ ಇನ್ನೂ ದೊಡ್ಡ ರಸ್ತೆ ಬಂದು ಊರಿಗೆ ತಾಗದಂತೆ ದೂರದಿಂದಲೇ ಹೋಗಿಬಿಟ್ಟಿತು. ನೋಡಿ, ನಾಲ್ಕು ಮಾತಿನಲ್ಲಿ ಮುಗಿಸಿದೆ! ಮಾಮಾನಿಗೆ ಇದಕ್ಕೆ ಒಂದು ಮಧ್ಯಾಹ್ನ ಬೇಕು.

ಇಂಡಿಯಾದಿಂದ ಯಾರೇ ಬರಲಿ, ವೇಗಸ್ ತೋರಿಸುವ ಜವಾಬ್ದಾರಿ ಮಾಮಾನದು. ಹುಬ್ಬಳ್ಳಿಯಿಂದ ಬಂದ ಅವರ ಷಡ್ಡಕರು ಹೊಸ ಸಫಾರಿ ಹೊಲಿಸಿಕೊಂಡು, ಕ್ಯಾಸಿನೋ ದೀಪಗಳ ಕನಸು ಕಾಣುತ್ತ ಕಾರು ಹತ್ತಿದ್ದರು. ಮಾಮಾ ಅವರನ್ನು ರಣಬಿಸಿಲಿನಲ್ಲಿ ಟ್ಯಾಂಕಿಯ ಕೆಳಗೆ ನಿಲ್ಲಿಸಿ ಹೇಸರಗತ್ತೆಯಿಂದ ಶುರುಮಾಡಿದರು. ಡೀಸೆಲ್ ಇಂಜಿನ್ನಿಗೆ ಬರುವಷ್ಟರಲ್ಲಿ ಷಡ್ಡಕರ ತಾಳ್ಮೆ ತಪ್ಪಿತು.

"ಅಲ್ರೀ, ಇದನ್ನ ನೋಡ್ಲಿಕ್ಕೆ ನಾವು ವೀಸಾ ತಗೊಂಡು ಬಂದ್ವಿ? ಇಂಥಾ ಟ್ಯಾಂಕಿ ನಮ್ಮ ಓಣ್ಯಾಗೇ ಅದ!"

"ನಿಮ್ಮ ಓಣಿ ಟ್ಯಾಂಕಿಯಿಂದ ಊರು ಹುಟ್ಟೇದೇನು?" ಎಂದರು ಮಾಮಾ. ಷಡ್ಡಕರು ಹಿಂದಿರುಗುವಾಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಹೋದರು.

ಒಮ್ಮೆ ನಮ್ಮ ಕನ್ನಡ ಕೂಟದವರು ರಾಜ್ಯೋತ್ಸವದಲ್ಲಿ ಹಿರಿಯರಿಂದ 'ನನ್ನ ಊರು' ಎಂದು ಐದೈದು ನಿಮಿಷ ಮಾತಾಡಿಸಿದರು. ಮಾಮಾ ಮೈಕು ಹಿಡಿದರು. ಒರತೆ ಆಯಿತು, ಗಾಡಿ ಆಯಿತು, ರೈಲು ಆಯಿತು. ಹಿಂದೆ ಬಿಸಿಬೇಳೆಬಾತು ಆರಿ ಗಟ್ಟಿಯಾಗುತ್ತಿದೆ, ಮಕ್ಕಳು ಅಳುತ್ತಿದ್ದಾರೆ! ನಿರೂಪಣೆಗೆ ನಿಂತ ಹುಡುಗಿ ಕೊನೆಗೆ ಕೈ ಮುಗಿದು ಕೇಳಿದಳು:

"ಸಾರ್, ಈ ಊರು ಕರ್ನಾಟಕದಲ್ಲಿ ಯಾವ ಡಿಸ್ಟ್ರಿಕ್ಟಲ್ಲಿ ಬರತ್ತೆ?"

ಅವತ್ತಿನಿಂದ ಕೂಟದವರು ಮಾಮಾನಿಗೆ ವೇದಿಕೆಯ ಮೇಲೆ ಹೂವಿನ ಗುಚ್ಛ ಕೊಡುತ್ತಾರೆ, ಮೈಕು ಕೊಡುವುದಿಲ್ಲ.

ಇಷ್ಟೆಲ್ಲ ಮಾಡುವ ಗಂಡನ ಜೊತೆ ಪ್ರತಿಸಲವೂ ಹೋಗುವ ಮಾಮಿಗೆ ಎಷ್ಟು ಬೇಜಾರಾಗಿರಬೇಡ! "ನನ್ನ ತವರಮನಿಗೂ ಇಷ್ಟು ಸಲ ಹೋಗಿಲ್ಲವಾ. ಆ ನಾಯಿ ಸೈತ ಈಗ ನನ್ನ ಮಾರಿ ನೋಡಿ ನಿಟ್ಟುಸಿರು ಬಿಡ್ತದ" ಎನ್ನುತ್ತಾರೆ. ಆದರೂ ಹೋಗುವ ದಿನ ಬೆಳಿಗ್ಗೆ ಎದ್ದು ರೂತಮ್ಮನಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟುತ್ತಾರೆ. ಹೌದು, ರೂತ್ ಮಾಮಿಯ ಬಾಯಲ್ಲಿ ಯಾವತ್ತೋ ರೂತಮ್ಮ ಆಗಿದ್ದಾಳೆ. ಚಟ್ನಿಪುಡಿಯನ್ನು ಮೊಟ್ಟೆಯ ಮೇಲೆ ಉದುರಿಸಿಕೊಂಡು ತಿನ್ನುತ್ತಾಳೆ ಎಂದು ತಿಳಿದ ದಿನ ಮಾಮಿ ಆ ಡಬ್ಬಿಯನ್ನು ವಾಪಸು ತರದೆ ಅಲ್ಲೇ ಬಿಟ್ಟು ಬಂದರಂತೆ.

ಆ ಊರಿನಲ್ಲಿ ನಡೆಯುವ ಇನ್ನೊಂದು ವಿಚಿತ್ರ ಹೇಳಬೇಕು. ಸಂಜೆ ದೀಪ ಹತ್ತಿದ ಕೂಡಲೇ ಕೈ ಮುಗಿಯುವುದು ನಮ್ಮಲ್ಲಿ ಹಿರಿಯರ ಅಭ್ಯಾಸ ತಾನೆ? ದೇವರ ದೀಪವೇ ಆಗಬೇಕಿಲ್ಲ, ಟ್ಯೂಬ್‌ಲೈಟಾದರೂ ಸರಿ. ಮಾಮಾ ಮತ್ತು ಮಾಮಿ ಇದನ್ನು ಬಿಟ್ಟವರಲ್ಲ. ಸಂಜೆ ಹೊತ್ತು ಮಾಮಾ ಕಾರು ಓಡಿಸುವಾಗ ಎದುರಿನಿಂದ ಹೆಡ್‌ಲೈಟು ಹತ್ತಿದರೆ ನಮ್ಮ ಎದೆ ಢವ ಢವ ಅನ್ನುತ್ತದೆ, ಎಲ್ಲಿ ಸ್ಟಿಯರಿಂಗ್ ಬಿಡುತ್ತಾರೋ ಎಂದು! ಅಲ್ಲಿ ಕೆಫೆಯಲ್ಲಿ ರೂತ್ ಸಂಜೆ ಹೊರಗಿನ ಕೆಂಪು ದೀಪದ ಸ್ವಿಚ್ಚು ಒತ್ತಿದಾಗ ಇಬ್ಬರೂ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಇದು ತನಗೇ ಹೇಳಿದ ಧನ್ಯವಾದ ಎಂದು ರೂತ್ ತಿಳಿದಳು. ತಾನೂ ಕೈ ಮುಗಿದಳು. ಬರಬರುತ್ತ ಅಲ್ಲಿ ಊಟಕ್ಕೆ ಬರುವ ಟ್ರಕ್ಕಿನವರೂ, ಇದು ಆ ಊರಿನ ಪದ್ಧತಿಯಿರಬೇಕೆಂದುಕೊಂಡು ಬರ್ಗರು ತಟ್ಟೆಯಲ್ಲಿಟ್ಟು ಕೈ ಮುಗಿಯತೊಡಗಿದರು. ಇಡೀ ಅಮೆರಿಕದಲ್ಲಿ ದೀಪಕ್ಕೆ ಕೈ ಮುಗಿಯುವ ಟ್ರಕ್ ಡ್ರೈವರುಗಳನ್ನು ನೋಡಬೇಕೆಂದಿದ್ದರೆ ನೀವು ಅಲ್ಲಿಗೇ ಹೋಗಬೇಕು.

ಹೋದ ವರ್ಷ ರೂತ್ ಫೋನು ಮಾಡಿದಳು. ಮಂಡಿ ಎರಡೂ ಹೋಗಿವೆ, ಗಿಲ್‌ರಾಯಿಯಲ್ಲಿರುವ ಮಗಳು ಕರೆಯುತ್ತಿದ್ದಾಳೆ, ಕೆಫೆ ಮುಚ್ಚಿ ಹೊರಡುತ್ತೇನೆ ಎಂದಳು. ಮಾಮಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನಮ್ಮನ್ನೆಲ್ಲ ಕೂರಿಸಿ ಘೋಷಣೆ ಮಾಡಿದರು: "ನಾ ಅಲ್ಲೆ ಹೋಗಿ ಇರ್ತೀನಿ."

ಎಪ್ಪತ್ತು ದಾಟಿದ ಮನುಷ್ಯ! ಹೃದಯದಲ್ಲಿ ಆಗಲೇ ಒಂದು ಸ್ಟೆಂಟು! ಹತ್ತಿರದ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ!

"ಯಾಕೆ ಮಾಮಾ? ಅಲ್ಲಿ ಏನಿದೆ ಅಂತ?" ಎಂದೆ.

"ಮಂದಿ ಇಲ್ಲದ ಹಳ್ಳಿಗೆ ಸರಕಾರದ ಕಾಗದದಾಗ ಏನಂತ ಬರೀತಾರ ಗೊತ್ತದ ಏನು? ಬೇಚರಾಕ್ ಅಂತ. ದೀಪ ಹಚ್ಚವ್ರು ಇಲ್ಲದ ಊರು. ನಮ್ಮಪ್ಪ ಕುಲಕರ್ಣಿಕಿ ಮಾಡಿದಾಂವ, ಅಂವಾ ಹೇಳ್ತಿದ್ದ. ರೂತಮ್ಮ ಎದ್ದಳು ಅಂದ್ರ ಅದು ಬೇಚರಾಕ್ ಆತು."

"ಆಗಲಿ ಬಿಡಿ ಮಾಮಾ, ನಮಗೇನು?" ಎಂದೆ. ಮಾಮಾ ಎದ್ದು ಸೂಟ್‌ಕೇಸು ಹುಡುಕಲು ಹೋದರು. ಮಾಮಿ ಮಾತ್ರ ತಣ್ಣಗೆ, "ಹೋಗ್ಲಿ ಬಿಡವಾ. ಕುಕ್ಕರ್ ಕಟ್ಟಿಕೊಡ್ತೀನಿ" ಎಂದರು. ಈ ಇಬ್ಬರಿಗೂ ಬುದ್ಧಿ ಕೆಟ್ಟಿದೆ ಎಂದು ನಾನು ಗಂಡನ ಮೇಲೆ ರೇಗಾಡಿದೆ. ಲಾಸ್ ಗ್ಯಾಟೋಸಿನ ಆಫೀಸಿನಲ್ಲಿ ಅವನಿಗೆ ಎಂದಿನಂತೆ ಮೀಟಿಂಗು. ಮಾಮಾನನ್ನು ಹೇಗಾದರೂ ಹಿಂದಕ್ಕೆ ಕರೆತರುವ ಹೊಣೆ ನನ್ನ ತಲೆಗೇ ಬಂತು.

ರೂತ್ ಹೊರಡುವ ದಿನ ನಾವು ಅಲ್ಲಿದ್ದೆವು. ಡಿಕ್ಕಿಯಲ್ಲಿ ಮಾಮಾನ ಸೂಟ್‌ಕೇಸು, ಕುಕ್ಕರು, ಜೋಳದ ಹಿಟ್ಟು. ನನ್ನ ಮಗಳು ದಾರಿಯುದ್ದಕ್ಕೂ, "ಅಮ್ಮಾ, ಈಸ್ ಅಜ್ಜಾ ರಿಯಲಿ ಸ್ಟೇಯಿಂಗ್?" ಎಂದು ಪಿಸುಗುಟ್ಟುತ್ತಿದ್ದಳು. ಮಾಮಿ ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡಿದ್ದರು. ಏನು ಎಂದು ಕೇಳಿದರೆ "ಉಪ್ಪಿನಕಾಯಿ" ಎಂದರು.

ಸಂಜೆ ರೂತ್ ಕೊನೆಯ ಸಲ ಕೆಂಪು ದೀಪ ಹಚ್ಚಿದಳು. ಎಲ್ಲರೂ ಕೈ ಮುಗಿದೆವು. ಗಿಲ್‌ರಾಯಿಯ ಮಗಳು ನಾಯಿಯನ್ನು ಹತ್ತಿಸಿಕೊಂಡು, ಹೊರಗೆ ಕಾರು ಶುರುಮಾಡಿ ಕಾಯುತ್ತಿದ್ದಳು. ಇನ್ನು ಹೊರಡಬೇಕು ಎಂದು ರೂತ್ ದೀಪ ಆರಿಸಲು ಸ್ವಿಚ್ಚಿಗೆ ಕೈ ಹಾಕಿದಳು.

"ನೋ! ರೂತ್, ನೋ!" ಮಾಮಾ ಕಿರುಚಿಬಿಟ್ಟರು. ಅಷ್ಟು ದೊಡ್ಡ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. ರೂತ್ ಬೆಚ್ಚಿ ಕೈ ತೆಗೆದಳು. ಮಾಮಾ ಕುರ್ಚಿಯಲ್ಲಿ ಕುಸಿದು ಕೂತು, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನಮ್ಮೂರು ನೀರಾಗ ಹೋಗೋ ಮುಂದ ಎಲ್ಲಾರೂ ಮನಿ ಖಾಲಿ ಮಾಡಿದ್ರು. ನಮ್ಮವ್ವ ಎಲ್ಲಾರಕಿಂತ ಕಡೀಕೆ ಹೊಂಟಳು. ಮನಿ ಅಂದಮ್ಯಾಲೆ ಕತ್ತಲಿ ಇರಬಾರದು ಅಂತ ದೇವರ ಮನ್ಯಾಗ ದೀಪ ಹಚ್ಚಿಟ್ಟು ಬಂದಳು. ನಾ ಇಲ್ಲೆ ಓಕ್ಲ್ಯಾಂಡಿನ್ಯಾಗ ಕ್ರೇನ್ ಎಣಸ್ಕೋತ ಕೂತಿದ್ದೆ. ಆ ದೀಪ ಆರಿದ್ದು ಯಾರೂ ನೋಡಲಿಲ್ಲವಾ. ಯಾರೂ ಇರಲಿಲ್ಲ ಅಲ್ಲೆ."

ನಮಗೇನು ಎಂದು ಕೇಳಿದ್ದೆನಲ್ಲ, ನಾಚಿಕೆಯಾಯಿತು.

ಆಗ ಮಾಮಿ ಚೀಲ ಬಿಚ್ಚಿದರು. ಉಪ್ಪಿನಕಾಯಿ ಎಲ್ಲಿಯದು! ಬಿಸಿಲಿನಿಂದ ತಾನೇ ಚಾರ್ಜ್ ಆಗಿ ಕತ್ತಲಾದಾಗ ತಾನೇ ಹತ್ತುವ ಒಂದು ಸೋಲಾರ್ ದೀಪ, ಜೊತೆಗೆ ಬಿಸಿಲಿನಿಂದಲೇ ನಡೆಯುವ, ಸಿಮ್ ಹಾಕಿದ ಒಂದು ಪುಟ್ಟ ಕ್ಯಾಮೆರಾ. ನನ್ನ ಗಂಡನನ್ನು ಹಿಡಿದು ಎಲ್ಲ ಸೆಟ್ ಮಾಡಿಸಿಕೊಂಡಿದ್ದರು. ಅವನು ನನಗೆ ಒಂದು ಮಾತು ಹೇಳಿರಲಿಲ್ಲ, ಕಳ್ಳ!

"ದೀಪ ಆ ಟ್ಯಾಂಕಿಗೆ ಕಟ್ರಿ, ಕ್ಯಾಮೆರಾ ಈ ಕೆಫೆ ಗ್ವಾಡಿಗೆ ಹಚ್ರಿ, ಫೋನಿನ್ಯಾಗ ದಿನಾ ನೋಡ್ರಿ" ಎಂದರು ಮಾಮಿ. "ದೀಪ ಹಚ್ಚಲಿಕ್ಕೆ ಅಲ್ಲೇ ಇರಬೇಕಂತೇನಿಲ್ಲ. ಇಷ್ಟು ವರ್ಷ ನಿಮ್ಮ ಹಿಂದ ಸುಮ್ಮಸುಮ್ಮನ ಬಂದೇನೇನು ನಾ? ನನಗ ಗೊತ್ತಿಲ್ಲೇನು?"

ಮಾಮಾ ಆ ದೀಪವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಕುಕ್ಕರ್ ಯಾಕ ಕಟ್ಟಿದಿ ಮತ್ತ?" ಎಂದರು. "ನೀವು ಕೇಳದಿದ್ರ ನಾನೂ ಇಲ್ಲೇ ಇರಬೇಕಾಗ್ತಿತ್ತಲ್ಲ, ಅದಕ್ಕ" ಎಂದರು ಮಾಮಿ. ನಾವು ಟ್ಯಾಂಕಿಗೆ ದೀಪ ಕಟ್ಟಿದೆವು. ಅದು ಹತ್ತಿದ್ದನ್ನು ನೋಡಿಯೇ ರೂತ್ ಕೆಂಪು ದೀಪ ಆರಿಸಿದಳು. ಮಾಮಾ ನಮ್ಮ ಜೊತೆ ಫ್ರೀಮಾಂಟಿಗೆ ವಾಪಸು ಬಂದರು.

ಈಗ ದಿನಾ ಸಂಜೆ ಮಾಮಾ ಫೋನು ಹಿಡಿದು ಕೂರುತ್ತಾರೆ. ಅಡುಗೆಮನೆಯಿಂದ ಮಾಮಿ "ಹತ್ತಿತೇನ್ರಿ?" ಎಂದು ಕೂಗುತ್ತಾರೆ. "ಹತ್ತಿತು" ಎಂದರೆ ಹಿಟ್ಟಿನ ಕೈಯನ್ನೇ ಜೋಡಿಸುತ್ತಾರೆ. ಗಿಲ್‌ರಾಯಿಯಲ್ಲಿ ರೂತಳೂ ನೋಡಿ, ಕೈ ಮುಗಿದ ಚಿತ್ರ ಕಳಿಸುತ್ತಾಳೆ. ನಾನು ಇದನ್ನು ಕೂಟದ ಗೆಳತಿಯರಿಗೆಲ್ಲ ಹೇಳಿ ನಗಿಸಿದ್ದೇನೆ. ಫೋನಿಗೆ ಯಾರಾದರೂ ಕೈ ಮುಗಿಯುತ್ತಾರೆಯೆ!

ಮೊನ್ನೆ ಮಾಮಾನಿಗೆ ಮತ್ತೆ ಎದೆನೋವು ಬಂತು. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಇನ್ನೊಂದು ಸ್ಟೆಂಟು ಹಾಕಬೇಕೆಂದರು. ಒಳಗೆ ಕರೆದೊಯ್ಯುವಾಗ ಗಡಿಯಾರ ನೋಡಿ, ತಮ್ಮ ಫೋನನ್ನು ನನ್ನ ಕೈಗೆ ತುರುಕಿದರು. "ಇವತ್ತು ನೀ ನೋಡವಾ" ಎಂದರು. ಬಾಗಿಲು ಮುಚ್ಚಿತು. ಮಾಮಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಆ ಚಿಕ್ಕ ಪರದೆಯನ್ನು ನೋಡುತ್ತ ಕೂತೆ. ಮರಳು ಕಪ್ಪಾಯಿತು, ಟ್ಯಾಂಕಿ ಕಪ್ಪಾಯಿತು. ದೀಪ ಇವತ್ತೇ ಕೈಕೊಟ್ಟರೆ ಏನು ಗತಿ ಎಂದು, ಪರದೆ ಆರದಂತೆ ಬೆರಳಿನಿಂದ ಮತ್ತೆ ಮತ್ತೆ ಮುಟ್ಟುತ್ತಿದ್ದೆ. ಆಮೇಲೆ ಟ್ಯಾಂಕಿಯ ಮೇಲೆ ಒಂದು ಚುಕ್ಕೆ ಬೆಳಕು ಮೂಡಿತು.

ಎಷ್ಟೋ ಹೊತ್ತಿನ ಮೇಲೆ ನಮ್ಮನ್ನು ಒಳಗೆ ಬಿಟ್ಟರು. ಮಾಮಾ ಮಂಪರಿನಲ್ಲೇ ಕಣ್ಣು ತೆರೆದರು. ಮಾಮಿಯ ಕೈ ಹಿಡಿದುಕೊಂಡು ನನ್ನ ಕಡೆ ನೋಡಿದರು.

"ಹತ್ತಿತೇನವಾ?"

"ಹತ್ತಿತು ಮಾಮಾ."

"ಕೈ ಮುಗದಿ?"

"ಮುಗಿದೆ ಮಾಮಾ" ಎಂದೆ.